ಊರಾಚೆಯವನಿಗೆ ಟಿಕೆಟ್ ಸಿಕ್ಕೀತೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ. ಆಡಿದ ಮಾತನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದೆ.)

ನನಗೆ ಕೊಟ್ಟಿರುವ ವಿಷಯ ಅಮೆರಿಕದ್ದು. ಅಲ್ಲಿನ ಒಂದು ದೊಡ್ಡ ಪಕ್ಷ ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ತನ್ನ ಅಭ್ಯರ್ಥಿಯನ್ನು ಆರಿಸುವಾಗ, ಆ ಪಕ್ಷದ ಯಜಮಾನರಿಗೆ ಬೇಡವಾದವನೊಬ್ಬ ಹೊರಗಿನಿಂದ ಬಂದು ಗೆಲ್ಲಬಹುದೆ? ನಮ್ಮ ಮಾತಿನಲ್ಲಿ ಕೇಳುವುದಾದರೆ, ಊರಾಚೆಯವನಿಗೆ ಟಿಕೆಟ್ ಸಿಕ್ಕೀತೆ?

ಅಮೆರಿಕದ ಟಿಕೆಟ್ ಕಟ್ಟಿಕೊಂಡು ನಮಗೇನಾಗಬೇಕು ಅಂತ ನೀವು ಕೇಳಬಹುದು. ಕೇಳಬೇಕು ಕೂಡ. 1966ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಕರಿಯ ಯುವಕರು ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. 1972ರಲ್ಲಿ ಬೊಂಬಾಯಿಯಲ್ಲಿ ನಮ್ಮ ಹುಡುಗರು ಆ ಹೆಸರನ್ನೇ ತಗೊಂಡು ದಲಿತ ಪ್ಯಾಂಥರ್ ಅಂತ ಎದ್ದು ನಿಂತರು. ಅವರ ಹೆಸರು ನಮಗೆ ಬಂತು, ಸಿಟ್ಟೂ ಬಂತು. ಆದರೆ ಅದೇ ಕರಿಯ ಜನ ಪಕ್ಷದ ಬಾಗಿಲಲ್ಲಿ ನಿಂತು, ನಿಯಮದ ಪುಸ್ತಕ ಕೈಯಲ್ಲಿ ಹಿಡಿದು, ನಲವತ್ತು ವರ್ಷ ಆಡಿದ ಜಗಳವನ್ನು ನಾವು ಅಷ್ಟಾಗಿ ಓದಿಲ್ಲ. ಇವತ್ತು ಅದನ್ನೇ ಹೇಳ್ತೀನಿ. ನಾನು ಪದ್ಯ ಬರೆಯೋನು. ಇವತ್ತು ಪದ್ಯ ಬೇಡ, ಸ್ವಲ್ಪ ಲೆಕ್ಕ ಇದೆ. ಬೇಸರ ಮಾಡ್ಕೋಬೇಡಿ.

ಮೊದಲು ಅಲ್ಲಿನ ಪದ್ಧತಿ. ಡೆಮಾಕ್ರಟಿಕ್, ರಿಪಬ್ಲಿಕನ್ ಅಂತ ಎರಡು ದೊಡ್ಡ ಪಕ್ಷಗಳು. ನಾಲ್ಕು ವರ್ಷಕ್ಕೊಮ್ಮೆ ನಿಜವಾದ ಚುನಾವಣೆಗೆ ಮೊದಲು ಪಕ್ಷದೊಳಗೇ ರಾಜ್ಯ ರಾಜ್ಯದಲ್ಲೂ ಇನ್ನೊಂದು ಚುನಾವಣೆ ನಡೆಯುತ್ತದೆ. ಅದಕ್ಕೆ ಪ್ರೈಮರಿ ಅಂತಾರೆ. ಕೆಲವು ಕಡೆ ಸಭೆ ಸೇರಿ ಆರಿಸ್ತಾರೆ, ಅದು ಕಾಕಸ್. ಇವುಗಳಲ್ಲಿ ಬಿದ್ದ ಮತ ನೋಡಿ ಒಬ್ಬೊಬ್ಬ ಅಭ್ಯರ್ಥಿಗೂ ಇಂತಿಷ್ಟು ಪ್ರತಿನಿಧಿಗಳು ಅಂತ ಹಂಚುತ್ತಾರೆ. ಕೊನೆಗೆ ಪಕ್ಷದ ಮಹಾಧಿವೇಶನ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರತಿನಿಧಿಗಳು ಯಾರ ಕಡೆ ಇದ್ದಾರೋ ಅವರಿಗೇ ಟಿಕೆಟ್.

ಕೇಳೋಕೆ ಚೆನ್ನಾಗಿದೆ. ಆದರೆ ಇಷ್ಟು ಮತಕ್ಕೆ ಇಷ್ಟು ಪ್ರತಿನಿಧಿ ಅನ್ನೋ ನಿಯಮ ಬರೆಯೋರು ಯಾರು? ಪಕ್ಷದ ಒಳಗಿನವರು. ಈ ಒಂದು ಮಾತನ್ನು ಗಂಟು ಹಾಕಿ ಇಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

1964ಕ್ಕೆ ಬರೋಣ. ಮಿಸಿಸಿಪ್ಪಿ ರಾಜ್ಯ. ಕರಿಯರು ಮತದಾರರ ಪಟ್ಟಿಗೆ ಹೆಸರು ಸೇರಿಸೋಕೆ ಹೋದರೆ ಅಲ್ಲಿ ಕೂಲಿ ಹೋಗುತ್ತಿತ್ತು, ಮನೆ ಹೋಗುತ್ತಿತ್ತು, ಜೀವವೂ ಹೋಗುತ್ತಿತ್ತು. ಫ್ಯಾನಿ ಲೂ ಹ್ಯಾಮರ್ ಅಂತ ಒಬ್ಬ ತಾಯಿ. ಇಪ್ಪತ್ತು ಮಕ್ಕಳಲ್ಲಿ ಕೊನೆಯವಳು. ಬಿಳಿ ಜಮೀನ್ದಾರನ ಹತ್ತಿ ಹೊಲದಲ್ಲಿ ಹದಿನೆಂಟು ವರ್ಷ ದುಡಿದವಳು. 1962ರಲ್ಲಿ ಪಟ್ಟಿಗೆ ಹೆಸರು ಸೇರಿಸಿ ಅಂತ ಕೇಳಿದ ದಿನವೇ ಆಕೆಯನ್ನು ಆ ಹೊಲದಿಂದ ಹೊರಗೆ ಹಾಕಿದರು. 1963ರಲ್ಲಿ ವಿನೋನಾ ಊರಿನ ಜೈಲಿನಲ್ಲಿ ಮೈ ಹಣ್ಣಾಗುವಂತೆ ಬಡಿದರು. ಆ ತಾಯಿ ಹೆದರಲಿಲ್ಲ.

ಮಿಸಿಸಿಪ್ಪಿಯ ಡೆಮಾಕ್ರಟಿಕ್ ಪಕ್ಷ ಬರೀ ಬಿಳಿಯರದ್ದು. ಅದಕ್ಕೆ ಕರಿಯರು ಮಿಸಿಸಿಪ್ಪಿ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ ಅಂತ ತಾವೇ ಒಂದು ಪಕ್ಷ ಕಟ್ಟಿದರು. 60ಕ್ಕೂ ಹೆಚ್ಚು ಜನರ ನಿಯೋಗ ಅಟ್ಲಾಂಟಿಕ್ ಸಿಟಿಯ ಮಹಾಧಿವೇಶನಕ್ಕೆ ಹೋಯಿತು. ನಮ್ಮ ರಾಜ್ಯದ ನಿಜವಾದ ಪ್ರತಿನಿಧಿಗಳು ನಾವು, ನಮ್ಮನ್ನು ಕೂರಿಸಿ ಅಂತ ಕೇಳಿತು. ಸಮಿತಿಯ ಮುಂದೆ ಆ ತಾಯಿ ತನ್ನ ಮೈಮೇಲೆ ಬಿದ್ದ ಏಟಿನ ಕಥೆ ಹೇಳುತ್ತಿದ್ದಳು. ಟೀವಿ ನೇರವಾಗಿ ತೋರಿಸುತ್ತಿತ್ತು. ಆಗ ಅಧ್ಯಕ್ಷ ಲಿಂಡನ್ ಜಾನ್ಸನ್ ಏನು ಮಾಡಿದರು ಗೊತ್ತೆ? ತರಾತುರಿಯಲ್ಲಿ ಪತ್ರಕರ್ತರನ್ನು ಕರೆದು ಕ್ಯಾಮೆರಾಗಳನ್ನು ತನ್ನ ಕಡೆ ತಿರುಗಿಸಿಕೊಂಡರು. ಹತ್ತಿ ಬಿಡಿಸೋ ಹೆಂಗಸಿನ ಬಾಯಿಗೆ ದೇಶದ ಅಧ್ಯಕ್ಷ ಹೆದರಿದ. ಅವತ್ತು ರಾತ್ರಿ ಟೀವಿಯವರು ಆ ಮಾತನ್ನು ಮತ್ತೆ ಹಾಕಿದರು, ದೇಶ ಕೇಳಿತು.

ಕೊನೆಗೆ ಪಕ್ಷ ಒಂದು ರಾಜಿ ಸೂತ್ರ ತಂದಿತು. ನಿಮಗೆ ಎರಡು ಕುರ್ಚಿ ಕೊಡ್ತೀವಿ. ಆ ಇಬ್ಬರು ಯಾರು ಅಂತ ಹೇಳೋರೂ ನಾವೇ! ಇದು ಎಲ್ಲೋ ಕೇಳಿದ ಹಾಗಿದೆ ಅಲ್ವೆ? ಅವರು ಬೇಡ ಅಂದರು. ಬರಿಗೈಲಿ ಊರಿಗೆ ಹೋದರು. ಆದರೆ ಪಕ್ಷ ಅಲ್ಲಿ ಒಂದು ಮಾತು ಕೊಡಬೇಕಾಯಿತು: ಮುಂದಿನ ಅಧಿವೇಶನದಿಂದ ಬಣ್ಣ ನೋಡಿ ಹೊರಗಿಡುವ ರಾಜ್ಯದ ನಿಯೋಗವನ್ನು ಕೂರಿಸುವುದಿಲ್ಲ. 1968ರ ಶಿಕಾಗೋ ಅಧಿವೇಶನದಲ್ಲಿ ಹ್ಯಾಮರ್ ತಾಯಿ ಮಿಸಿಸಿಪ್ಪಿಯ ಪ್ರತಿನಿಧಿಯಾಗಿ ಕುರ್ಚಿ ಮೇಲೆ ಕೂತಳು. ನಾಲ್ಕು ವರ್ಷ ಹಿಡಿಯಿತು.

ಅದೇ 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ ನಿಲ್ಲದೆ ಟಿಕೆಟ್ ತಗೊಂಡರು. ಪಕ್ಷದ ಯಜಮಾನರು ಕೊಟ್ಟರು, ಇವರು ತಗೊಂಡರು, ಅಷ್ಟೆ. ಹೊರಗೆ ಬೀದಿಯಲ್ಲಿ ಯುದ್ಧ ಬೇಡ ಅಂದ ಹುಡುಗರ ತಲೆ ಒಡೆಯಿತು. ನಾಚಿಕೆಯಾಗಿ ಪಕ್ಷ ನಿಯಮ ತಿದ್ದೋಕೆ ಒಂದು ಸಮಿತಿ ಮಾಡಿತು. ಜನರ ಮತದಿಂದಲೇ ಪ್ರತಿನಿಧಿಗಳು ಬರಬೇಕು, ಹೆಂಗಸರು, ಯುವಕರು, ಕರಿಯರು ಇರಬೇಕು ಅಂತ ಸಮಿತಿ ಹೇಳಿತು. ಅದರ ಮೊದಲ ಅಧ್ಯಕ್ಷ ಸೆನೆಟರ್ ಜಾರ್ಜ್ ಮೆಕ್‌ಗವರ್ನ್. 1972ರಲ್ಲಿ ಹೊಸ ನಿಯಮದ ಮೇಲೆ ಟಿಕೆಟ್ ಗೆದ್ದವರು ಯಾರು? ಅದೇ ಮೆಕ್‌ಗವರ್ನ್! ಯಜಮಾನರಿಗೆ ಬೇಡವಾದ ಮನುಷ್ಯ. ನಿಯಮ ಬರೆದವನಿಗೆ ದಾರಿ ಎಲ್ಲಿದೆ ಅಂತ ಗೊತ್ತಿತ್ತು.

ಅದೇ 1972ರಲ್ಲಿ ಇನ್ನೊಬ್ಬಾಕೆ ನಿಂತಿದ್ದರು. ಶರ್ಲಿ ಚಿಸಂ. ತಂದೆ ಕಾರ್ಖಾನೆ ಕೂಲಿ, ತಾಯಿ ಬಟ್ಟೆ ಹೊಲಿದು, ಬೇರೆಯವರ ಮನೆಗೆಲಸ ಮಾಡಿ ಸಾಕಿದವರು. 1968ರಲ್ಲಿ ಅಮೆರಿಕದ ಸಂಸತ್ತಿಗೆ ಆರಿಸಿ ಬಂದ ಮೊದಲ ಕರಿಯ ಮಹಿಳೆ. ನಾನು ಮಾರಾಟಕ್ಕಿಲ್ಲ, ನನಗೆ ಧಣಿಯಿಲ್ಲ ಅನ್ನೋ ಅರ್ಥದ ಘೋಷಣೆ ಅವರದ್ದು. ಬಿಳಿಯರು ನಕ್ಕರು, ಅದು ಇದ್ದದ್ದೇ. ಕರಿಯ ಮುಖಂಡರಲ್ಲಿ ಬಹಳ ಮಂದಿ ಇವಳು ಹೆಂಗಸು ಅಂತ ದೂರ ನಿಂತರು. ಹೆಂಗಸರ ಸಂಘದ ಮುಖಂಡರಲ್ಲಿ ಕೆಲವರು ಗೆಲ್ಲೋ ಕುದುರೆ ಅಲ್ಲ ಅಂತ ಬೇರೆ ಕಡೆ ಹೋದರು. ಹೊರಗಿರುವವರಲ್ಲೂ ಇನ್ನಷ್ಟು ಹೊರಗೆ ಇಡೋದು ಇದೆಯಲ್ಲ, ಅದು ನಮ್ಮ ಕೇರಿಗಳಲ್ಲೂ ಇದೆ. ಅಕ್ಕತಂಗಿಯರು ಇಲ್ಲಿ ಹಿಂದೆ ಕೂತಿದ್ದಾರೆ. ಮುಂದಿನ ಶಿಬಿರದಲ್ಲಿ ಅವರಲ್ಲೊಬ್ಬರು ಇಲ್ಲಿ ನಿಂತು ಮಾತಾಡಬೇಕು. ಚಿಸಂ ಅವರಿಗೆ ಅಧಿವೇಶನದಲ್ಲಿ ಬಂದದ್ದು 152 ಪ್ರತಿನಿಧಿ ಮತ. ಸೋತರು. ಆದರೆ ಕರಿಯ ಹೆಂಗಸಿನ ಹೆಸರನ್ನು ಆ ಸಭೆಯಲ್ಲಿ ಕೂಗಿ ಮತ ಎಣಿಸಿದ್ದು ಅದೇ ಮೊದಲು.

ಬಾಗಿಲು ಸ್ವಲ್ಪ ತೆರೆದಿತ್ತು. 1976ರಲ್ಲಿ ಜಾರ್ಜಿಯಾದ ಕಡಲೆಕಾಯಿ ಬೆಳೆಗಾರ ಜಿಮ್ಮಿ ಕಾರ್ಟರ್ ಬಂದರು. ಮಾಜಿ ಗವರ್ನರ್ ಆದರೂ ದೇಶದಲ್ಲಿ ಯಾರಿಗೂ ಅಷ್ಟಾಗಿ ಗೊತ್ತಿರಲಿಲ್ಲ. ಜಿಮ್ಮಿ ಯಾರು ಅಂತ ಕೇಳುತ್ತಿದ್ದರು. ಊರೂರು ತಿರುಗಿ ಟಿಕೆಟ್ ಗೆದ್ದರು, ಅಧ್ಯಕ್ಷರೂ ಆದರು. ಯಜಮಾನರಿಗೆ ಭಯವಾಯಿತು. 1982ರಲ್ಲಿ ಇನ್ನೊಂದು ಸಮಿತಿ ಕೂತು, ಸಂಸದರು, ಪಕ್ಷದ ಪದಾಧಿಕಾರಿಗಳು ಇಂಥವರನ್ನು ಯಾರ ಮತವೂ ಇಲ್ಲದೆ ಪ್ರತಿನಿಧಿ ಮಾಡುವ ನಿಯಮ ತಂದಿತು. ಸೂಪರ್ ಡೆಲಿಗೇಟ್ ಅಂತ ಹೆಸರಾಯಿತು. ತೆರೆದ ಬಾಗಿಲಿಗೆ ಒಳಗಿಂದ ಹೊಸ ಅಗುಳಿ.

ಈ ಅಗುಳಿಯ ಮುಂದೆ ಬಂದು ನಿಂತವರು ಜೆಸ್ಸಿ ಜಾಕ್ಸನ್. 1941ರಲ್ಲಿ ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್ ಊರಿನಲ್ಲಿ, ಮದುವೆಯಾಗದ ಎಳೆಯ ತಾಯಿಗೆ ಹುಟ್ಟಿದ ಮಗ. ಮಾರ್ಟಿನ್ ಲೂಥರ್ ಕಿಂಗ್ ಜೊತೆ ಕೆಲಸ ಮಾಡಿದ ಪಾದ್ರಿ. ಅಲ್ಲಿಯವರೆಗೆ ಯಾವ ಚುನಾಯಿತ ಹುದ್ದೆಯಲ್ಲೂ ಕೂತವರಲ್ಲ. 1984ರಲ್ಲಿ ಡೆಮಾಕ್ರಟಿಕ್ ಟಿಕೆಟ್‌ಗೆ ನಿಂತರು. ದುಡ್ಡು ಕಡಿಮೆ, ಚರ್ಚುಗಳೇ ಕಚೇರಿ. ಯೆಹೂದಿಯರ ಬಗ್ಗೆ ಆಡಿದ ಒಂದು ಕೀಳು ಮಾತಿಗೆ ಅವರು ಕ್ಷಮೆ ಕೇಳಬೇಕಾಯಿತು. ಅದನ್ನೂ ಹೇಳಬೇಕು, ನಮ್ಮವರು ಅಂತ ಮುಚ್ಚಿಡಬಾರದು.

ಈಗ ಲೆಕ್ಕ. 1984ರ ಪ್ರೈಮರಿಗಳಲ್ಲಿ ಜಾಕ್ಸನ್‌ಗೆ ಸುಮಾರು 32 ಲಕ್ಷ ಮತ, ನೂರಕ್ಕೆ 18. ಅಧಿವೇಶನದಲ್ಲಿ ಇದ್ದ ಪ್ರತಿನಿಧಿಗಳು 3,933. ಮತದ ಪ್ರಮಾಣದಲ್ಲಿ ಹಂಚಿದ್ದರೆ ಜಾಕ್ಸನ್‌ಗೆ 700 ದಾಟಬೇಕಿತ್ತು. ಬಂದದ್ದು ಸುಮಾರು 466, ನೂರಕ್ಕೆ 12. ಯಜಮಾನರ ಅಭ್ಯರ್ಥಿ ವಾಲ್ಟರ್ ಮೊಂಡೇಲ್‌ಗೆ ನೂರಕ್ಕೆ 38 ಮತ, ಆದರೆ ನೂರಕ್ಕೆ 56 ಪ್ರತಿನಿಧಿಗಳು! ಹೇಗೆ? ಬಹಳ ಕಡೆ ನೂರಕ್ಕೆ 20 ಮತ ದಾಟದವನಿಗೆ ಏನೂ ಇಲ್ಲ ಅನ್ನೋ ನಿಯಮ. ಕೆಲವು ಕಡೆ ಕ್ಷೇತ್ರದಲ್ಲಿ ಮುಂದೆ ಬಂದವನಿಗೇ ಎಲ್ಲಾ. ಮೇಲೆ ಸೂಪರ್ ಡೆಲಿಗೇಟ್‌ಗಳು. ಯಾರೂ ಕಳ್ಳ ಮತ ಹಾಕಲಿಲ್ಲ, ಪೆಟ್ಟಿಗೆ ಕದಿಯಲಿಲ್ಲ. ನಿಯಮದ ಪ್ರಕಾರವೇ ಎಲ್ಲ ನಡೆಯಿತು. ನಿಯಮದ ಪ್ರಕಾರ ನಡೆಯೋ ಅನ್ಯಾಯಕ್ಕೆ ಸದ್ದು ಇರೋದಿಲ್ಲ ಗೆಳೆಯರೇ, ಅದಕ್ಕೇ ಅದು ಬಹಳ ವರ್ಷ ಬದುಕುತ್ತೆ.

ಜಾಕ್ಸನ್ ಈ ಲೆಕ್ಕವನ್ನು ಊರೂರಲ್ಲಿ ಹೇಳಿದರು. 1988ರಲ್ಲಿ ಮತ್ತೆ ನಿಂತರು. ಈ ಸಲ ಕರಿಯರು ಮಾತ್ರ ಅಲ್ಲ. ಸಾಲಕ್ಕೆ ಜಮೀನು ಕಳಕೊಂಡ ಬಿಳಿ ರೈತರು, ಕಾರ್ಖಾನೆ ಮುಚ್ಚಿ ಬೀದಿಗೆ ಬಿದ್ದ ಕಾರ್ಮಿಕರು ಕೂಡ ಜೊತೆಗೆ ಬಂದರು. ಕಾಮನಬಿಲ್ಲಿನ ಕೂಟ ಅಂತ ಅದಕ್ಕೆ ಹೆಸರು. ಆ ವರ್ಷ ದಕ್ಷಿಣದ ಬಿಳಿ ಮುಖಂಡರು ತಮಗೆ ಬೇಕಾದ ಮಿತವಾದಿ ಅಭ್ಯರ್ಥಿ ಗೆಲ್ಲಲಿ ಅಂತ ದಕ್ಷಿಣದ ರಾಜ್ಯಗಳ ಪ್ರೈಮರಿಗಳನ್ನೆಲ್ಲ ಮಾರ್ಚ್ 8ರ ಒಂದೇ ದಿನಕ್ಕೆ ಕೂಡಿಸಿದ್ದರು. ಅವರು ತೋಡಿದ ಬಾವಿಯಲ್ಲಿ ನೀರು ಸೇದಿದವರು ಜಾಕ್ಸನ್. ಅಲಬಾಮಾ, ಜಾರ್ಜಿಯಾ, ಲೂಸಿಯಾನಾ, ವರ್ಜೀನಿಯಾ, ಮತ್ತೆ ಹ್ಯಾಮರ್ ತಾಯಿಯ ಮಿಸಿಸಿಪ್ಪಿ, ಐದು ರಾಜ್ಯ ಗೆದ್ದರು. ಮಾರ್ಚ್ 26ಕ್ಕೆ ಉತ್ತರದ ಮಿಶಿಗನ್ ಕಾಕಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬಂತು. ಕೆಲವು ದಿನ ಅಮೆರಿಕದ ಪತ್ರಿಕೆಗಳೆಲ್ಲ ನಾನು ಇವತ್ತು ನಿಮ್ಮ ಮುಂದೆ ಇಟ್ಟಿರುವ ಪ್ರಶ್ನೆಯನ್ನೇ ಕೇಳಿದವು.

ಆಗ ಒಳಗಿನವರು ಒಟ್ಟಾದರು. ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್ ಹೋಯಿತು, ನ್ಯೂಯಾರ್ಕ್ ಹೋಯಿತು. ಟಿಕೆಟ್ ಮೈಕಲ್ ಡುಕಾಕಿಸ್‌ಗೆ ಸಿಕ್ಕಿತು. ಜಾಕ್ಸನ್‌ಗೆ ಸುಮಾರು 70 ಲಕ್ಷ ಮತ, 1,200ಕ್ಕೂ ಹೆಚ್ಚು ಪ್ರತಿನಿಧಿಗಳು, ಎರಡನೇ ಸ್ಥಾನ. ಉಪಾಧ್ಯಕ್ಷ ಟಿಕೆಟ್ ಕೂಡ ಕೊಡಲಿಲ್ಲ. ಅಟ್ಲಾಂಟಾ ಅಧಿವೇಶನದಲ್ಲಿ ಅವರು ತಮ್ಮ ಅಜ್ಜಿಯ ಕೌದಿಯ ಮಾತು ತಗೊಂಡರು. ಕಂಬಳಿ ಕೊಳ್ಳೋಕೆ ಗತಿಯಿಲ್ಲದ ಅಜ್ಜಿ ಹಳೇ ಬಟ್ಟೆ, ಗೋಣಿ ಚೂರು ಎಲ್ಲ ಆರಿಸಿ ಹೊಲಿದು ಕೌದಿ ಮಾಡ್ತಿದ್ದಳಂತೆ. ರೈತನ ಚೂರು, ಕಾರ್ಮಿಕನ ಚೂರು, ಹೆಂಗಸಿನ ಚೂರು, ಕರಿಯನ ಚೂರು, ಒಂದೊಂದೇ ಸಾಲದು, ಹೊಲಿದರೆ ಎಲ್ಲರಿಗೂ ಹೊದೆಯಲು ಆಗುತ್ತದೆ ಅನ್ನೋ ಅರ್ಥದ ಮಾತು. ನಮ್ಮ ಅವ್ವಂದಿರು ಹೊಲಿಯೋ ಕೌದಿ ಅಲ್ಲೂ ಇದೆ ನೋಡಿ.

ಜನ ಕೌದಿಯ ಮಾತು ನೆನಪಿಟ್ಟುಕೊಂಡರು. ಆ ಅಧಿವೇಶನದ ಹೊತ್ತಿನಲ್ಲಿ ನಡೆದ ಇನ್ನೊಂದು ಕೆಲಸವನ್ನು ಅಷ್ಟು ಜನ ನೆನಪಿಟ್ಟುಕೊಳ್ಳಲಿಲ್ಲ. ಅವರ ಕಡೆಯವರು ಸಮಿತಿಯಲ್ಲಿ ಕೂತು ನಿಯಮ ತಿದ್ದಿಸಿದರು. 1992ರಿಂದ ಎಲ್ಲ ರಾಜ್ಯದಲ್ಲೂ ಮತದ ಪ್ರಮಾಣಕ್ಕೆ ತಕ್ಕಂತೆ ಪ್ರತಿನಿಧಿಗಳು. ನೂರಕ್ಕೆ 15 ದಾಟಿದವನಿಗೆ ಅವನ ಪಾಲು. ಗೆದ್ದವನಿಗೇ ಎಲ್ಲಾ ಅನ್ನೋದು ಡೆಮಾಕ್ರಟಿಕ್ ಪಕ್ಷದಲ್ಲಿ ಮುಗಿಯಿತು. ಜಾಕ್ಸನ್ ಪರವಾಗಿ ಅಟ್ಲಾಂಟಾದಲ್ಲಿ ಕೆಲಸ ನಡೆಸಿದ ರಾನ್ ಬ್ರೌನ್ 1989ರಲ್ಲಿ ಆ ಪಕ್ಷದ ಮೊದಲ ಕರಿಯ ಅಧ್ಯಕ್ಷರಾದರು.

ಇದರ ಫಸಲು ಯಾರಿಗೆ ಬಂತು? ಇಪ್ಪತ್ತು ವರ್ಷ ಆದಮೇಲೆ ಬರಾಕ್ ಒಬಾಮಾಗೆ. 2008ರಲ್ಲಿ ಹಿಲರಿ ಕ್ಲಿಂಟನ್ ಕ್ಯಾಲಿಫೋರ್ನಿಯಾ ಗೆದ್ದರು. ಹಳೇ ಕಾಲದ ಹಾಗೆ ಗೆದ್ದವನಿಗೇ ಎಲ್ಲಾ ಅಂತಿದ್ದರೆ ಅಲ್ಲಿನ 370 ಪ್ರತಿನಿಧಿಗಳೂ ಅವರಿಗೇ. ಪ್ರಮಾಣದ ನಿಯಮ ಇದ್ದದ್ದಕ್ಕೆ ಆಕೆಗೆ 204, ಸೋತ ಒಬಾಮಾಗೆ 166. ಅದೇ ದಿನ ನ್ಯೂಜೆರ್ಸಿಯಂಥ ದೊಡ್ಡ ರಾಜ್ಯ ಗೆದ್ದು ಕ್ಲಿಂಟನ್‌ಗೆ ಸಿಕ್ಕ ಮುನ್ನಡೆ 11 ಪ್ರತಿನಿಧಿ, 59ಕ್ಕೆ 48. ಐಡಾಹೊ ಅನ್ನೋ ಪುಟ್ಟ ರಾಜ್ಯದ ಕಾಕಸ್ ಗೆದ್ದು ಒಬಾಮಾಗೆ ಸಿಕ್ಕ ಮುನ್ನಡೆ 12, 15ಕ್ಕೆ 3. ಒಬಾಮಾ ಕಡೆಯ ಹುಡುಗರು ನಿಯಮದ ಪುಸ್ತಕ ಓದಿದ್ದರು, ಯಾರೂ ಹೋಗದ ಊರಿಗೆ ಹೋಗಿದ್ದರು. ಭಾಷಣದಿಂದ ಗೆದ್ದರು ಅಂತ ಎಲ್ಲರೂ ಹೇಳ್ತಾರೆ. ಭಾಷಣ ಇತ್ತು. ಅದರ ಕೆಳಗೆ ಸೋತ ಜಾಕ್ಸನ್ ಹಾಕಿದ ಬುನಾದಿ ಇತ್ತು.

ಹಾಗಾದರೆ ಹೊರಗಿನವನು ಗೆಲ್ಲಬಹುದು ಅಂತಾಯಿತಲ್ಲ? ತಡೀರಿ. ಇನ್ನೊಂದು ಪಕ್ಷದ ಕಥೆ ಕೇಳಿ.

2016ರಲ್ಲಿ ರಿಪಬ್ಲಿಕನ್ ಟಿಕೆಟ್ ಡೊನಾಲ್ಡ್ ಟ್ರಂಪ್‌ಗೆ ಸಿಕ್ಕಿತು. ಅವರನ್ನೂ ಹೊರಗಿನವರು ಅಂತಲೇ ಕರೆದರು. ಸರ್ಕಾರಿ ಹುದ್ದೆಯಲ್ಲಿ ಕೂತವರಲ್ಲ, ಸೇನೆಯಲ್ಲಿ ಇದ್ದವರಲ್ಲ, ಪಕ್ಷದ ಹಿರಿಯರಿಗೆ ಬೇಡವಾದವರು. ಗೆದ್ದದ್ದು ಹೇಗೆ? ಎದುರಿಗೆ ಹದಿನಾರು ಜನ ಮತ ಒಡೆದುಕೊಂಡು ನಿಂತಿದ್ದರು. ದಕ್ಷಿಣ ಕೆರೊಲಿನಾದಲ್ಲಿ ಟ್ರಂಪ್‌ಗೆ ಬಿದ್ದದ್ದು ನೂರಕ್ಕೆ 32ರಷ್ಟು ಮತ. ಸಿಕ್ಕಿದ್ದು 50ಕ್ಕೆ 50 ಪ್ರತಿನಿಧಿಗಳು! ಆ ಪಕ್ಷದಲ್ಲಿ ಗೆದ್ದವನಿಗೇ ಎಲ್ಲಾ ಅನ್ನೋ ನಿಯಮ ಹಲವು ರಾಜ್ಯಗಳಲ್ಲಿ ಉಳಿದಿತ್ತು. ಎಲ್ಲ ರಾಜ್ಯದ ಪ್ರೈಮರಿ ಮತ ಕೂಡಿಸಿದರೂ ಅರ್ಧ ದಾಟಲಿಲ್ಲ, ನೂರಕ್ಕೆ ಸುಮಾರು 45. ಜಾಕ್ಸನ್‌ನನ್ನು ಕೆಳಗೆ ತುಳಿದಂಥ ನಿಯಮವೇ ಟ್ರಂಪ್‌ರನ್ನು ಹೆಗಲ ಮೇಲೆ ಹೊತ್ತಿತು.

ಇಲ್ಲಿ ನಾವು ಒಂದು ಪದವನ್ನು ಬಿಡಿಸಿ ನೋಡಬೇಕು. ಹೊರಗಿನವನು ಅಂದರೆ ಯಾರು? ಊರೊಳಗಿನ ದೊಡ್ಡ ಮನೆಯಲ್ಲಿ ಹುಟ್ಟಿ, ದಾಯಾದಿಗಳ ಮೇಲೆ ಸಿಟ್ಟಾಗಿ ಜಗಲಿಗೆ ಬಂದು ಕೂಗುವವನೂ ಹೊರಗೆ ಇದ್ದೀನಿ ಅಂತಾನೆ. ಊರಾಚೆ ಕೇರಿಯಲ್ಲಿ ತಲೆತಲಾಂತರದಿಂದ ಇಟ್ಟವನೂ ಹೊರಗೇ ಇದ್ದಾನೆ. ಇಬ್ಬರಿಗೂ ಒಂದೇ ಪದವೆ? ಮೊದಲನೆಯವನಿಗೆ ಆಸ್ತಿ ಇದೆ, ಟೀವಿ ಇದೆ, ಬೇಕಾದಾಗ ಒಳಗೆ ಹೋಗಬಹುದು. ಎರಡನೆಯವನು ಒಂದು ಸಲ ಒಳಗೆ ಕಾಲಿಡೋಕೆ ಮೂರು ತಲೆಮಾರು ಸೋಲಬೇಕು. ಹ್ಯಾಮರ್, ಚಿಸಂ, ಜಾಕ್ಸನ್.

ಬರ್ನಿ ಸ್ಯಾಂಡರ್ಸ್ ಕಥೆ ಇನ್ನೊಂದು ಥರ. ಪಕ್ಷದ ಸದಸ್ಯತ್ವವೇ ಇಲ್ಲದ ಸಮಾಜವಾದಿ ಸೆನೆಟರ್. 2016ರಲ್ಲಿ ಡೆಮಾಕ್ರಟಿಕ್ ಟಿಕೆಟ್‌ಗೆ ನಿಂತು ನೂರಕ್ಕೆ 43 ಮತ ತಗೊಂಡರು. 700ಕ್ಕೂ ಹೆಚ್ಚು ಸೂಪರ್ ಡೆಲಿಗೇಟ್‌ಗಳಲ್ಲಿ ಬಹುತೇಕ ಎಲ್ಲರೂ ಕ್ಲಿಂಟನ್ ಕಡೆ. ಜನರ ಮತದಲ್ಲೂ ಕ್ಲಿಂಟನ್ ಮುಂದಿದ್ದರು, ಅದು ನಿಜ. ಆದರೂ ಗಲಾಟೆಯಾಗಿ 2018ರಲ್ಲಿ ನಿಯಮ ತಿದ್ದಿದರು. ಪೈಪೋಟಿ ಇದ್ದರೆ ಮೊದಲ ಸುತ್ತಿನಲ್ಲಿ ಸೂಪರ್ ಡೆಲಿಗೇಟ್‌ಗಳಿಗೆ ಮತ ಇಲ್ಲ. ಮತ್ತೆ ನೋಡಿ, ಸೋತವರಿಂದ ನಿಯಮ ಬದಲಾಯಿತು. 2020ರಲ್ಲಿ ಸ್ಯಾಂಡರ್ಸ್ ಮೊದಲಿಗೆ ಮುಂದೆ ಇದ್ದರು. ಫೆಬ್ರವರಿ 29ಕ್ಕೆ ದಕ್ಷಿಣ ಕೆರೊಲಿನಾ ಬಂತು. ಅಲ್ಲಿ ಡೆಮಾಕ್ರಟಿಕ್ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಕರಿಯರು. ಅವರು ಒಳಗಿನ ಹಳಬ ಜೋ ಬೈಡೆನ್‌ರನ್ನು ಗೆಲ್ಲಿಸಿದರು. ಮೂರು ದಿನದೊಳಗೆ ಬೇರೆ ಅಭ್ಯರ್ಥಿಗಳು ಹಿಂದೆ ಸರಿದು ಬೈಡೆನ್ ಜೊತೆ ಸೇರಿದರು. ಕರಿಯ ಮತದಾರ ಹೊರಗಿನವನಿಗೇ ಮತ ಹಾಕಬೇಕು ಅಂತ ನಾವು ಇಲ್ಲಿ ಕೂತು ಹೇಳೋಕಾಗದು. ಟ್ರಂಪ್‌ರನ್ನು ಯಾರು ಸೋಲಿಸಬಲ್ಲರು ಅಂತ ಅವರು ತೂಗಿ ನೋಡಿದರು. ಹೊರಗಿರುವವರಿಗೂ ಲೆಕ್ಕ ಬರುತ್ತದೆ. ಅವರ ಲೆಕ್ಕವನ್ನು ನಾವು ಗೌರವಿಸಬೇಕು.

2024ರಲ್ಲಿ ಬೈಡೆನ್ ಹಿಂದೆ ಸರಿದ ಮೇಲೆ ಕಮಲಾ ಹ್ಯಾರಿಸ್‌ಗೆ ಟಿಕೆಟ್ ಸಿಕ್ಕಿತು. ದೊಡ್ಡ ಪಕ್ಷವೊಂದರ ಟಿಕೆಟ್ ಪಡೆದ ಮೊದಲ ಕರಿಯ ಮಹಿಳೆ. ಚಿಸಂ ನಿಂತು 52 ವರ್ಷ ಆಗಿತ್ತು. ಆದರೆ ಹ್ಯಾರಿಸ್‌ಗೆ ಅದು ಬಂದದ್ದು ಪ್ರೈಮರಿ ಮತದಿಂದಲ್ಲ, ಉಪಾಧ್ಯಕ್ಷೆಯಾಗಿ ಒಳಗಿದ್ದದ್ದರಿಂದ.

ಇನ್ನೊಂದು ಕಹಿ ಮಾತು. ಟಿಕೆಟ್ ಸಿಕ್ಕಿದರೆ ಎಲ್ಲ ಸಿಕ್ಕಿತು ಅಂತಲ್ಲ. 2014ರ ಆಗಸ್ಟ್‌ನಲ್ಲಿ ಫರ್ಗುಸನ್ ಊರಿನಲ್ಲಿ ಮೈಕಲ್ ಬ್ರೌನ್ ಅನ್ನೋ ಹದಿನೆಂಟರ ಕರಿಯ ಹುಡುಗನನ್ನು ಪೊಲೀಸಿನವನು ಗುಂಡಿಟ್ಟು ಕೊಂದಾಗ ಅರಮನೆಯಲ್ಲಿ ಕೂತಿದ್ದದ್ದು ಒಬಾಮಾ. ಒಬ್ಬ ಒಳಗೆ ಹೋದ ಮಾತ್ರಕ್ಕೆ ಕೇರಿಯೇ ಒಳಗೆ ಹೋಗೋದಿಲ್ಲ.

ಕೊನೆಗೆ ನಮ್ಮದಕ್ಕೆ ಬರ್ತೀನಿ. ಪ್ರೈಮರಿ ಅನ್ನೋ ಪದ ನಮಗೆ ಹೊಸದಲ್ಲ. 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದ ತೆಗೆದು ಓದಿ. 148 ಮೀಸಲು ಸ್ಥಾನ. ಒಂದೊಂದು ಸ್ಥಾನಕ್ಕೂ ಮೊದಲು ನಮ್ಮ ಜನ ಮಾತ್ರ ಮತ ಹಾಕಿ ನಾಲ್ಕು ಜನರನ್ನು ಆರಿಸಬೇಕು. ಆಮೇಲೆ ಆ ನಾಲ್ವರಲ್ಲಿ ಒಬ್ಬನನ್ನು ಎಲ್ಲ ಜಾತಿಯವರೂ ಸೇರಿ ಆರಿಸಬೇಕು. ಅದೂ ಪ್ರೈಮರಿಯೇ. ಅದರ ಒಳಗಿನ ಬಿರುಕು ನೋಡಿ. ನಮ್ಮ ಮತದಲ್ಲಿ ನಾಲ್ಕನೆಯವನಾಗಿ ಬಂದವನನ್ನೂ ಊರಿನ ಮತ ಮೇಲೆತ್ತಿ ಗೆಲ್ಲಿಸಬಹುದಿತ್ತು. ಬಾಬಾಸಾಹೇಬರು ವರ್ಷಗಟ್ಟಲೆ ಇದನ್ನೇ ಅಂಕಿಅಂಶ ಇಟ್ಟು ವಾದಿಸಿದರು. ಅವರು ಭಾಷಣ ಮಾತ್ರ ಮಾಡಿದವರಲ್ಲ, ಲೆಕ್ಕ ಹಾಕಿದವರು. ಸ್ವಾತಂತ್ರ್ಯ ಬಂದ ಮೇಲೆ ಆ ಮೊದಲ ಸುತ್ತೂ ಹೋಯಿತು. ಈಗ ಮೀಸಲು ಕ್ಷೇತ್ರದಲ್ಲಿ ಪಕ್ಷದ ಅಭ್ಯರ್ಥಿ ಯಾರು ಅಂತ ಹೇಳೋದು ಬಿ ಫಾರಂ. ಅದಕ್ಕೆ ಸಹಿ ಹಾಕೋದು ಪಕ್ಷ. ಮಿಸಿಸಿಪ್ಪಿಯವರಿಗೆ ಹೇಳಿದ್ದು ನೆನಪಿದೆಯೆ? ಕುರ್ಚಿ ಕೊಡ್ತೀವಿ, ಕೂರೋರು ಯಾರು ಅಂತ ಹೇಳೋರು ನಾವೇ.

ಆದ್ದರಿಂದ ಗೆಳೆಯರೇ, ನನಗೆ ಕೊಟ್ಟ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಹೊರಗಿನವನು ಟಿಕೆಟ್ ಗೆಲ್ಲಬಹುದು. ದುಡ್ಡಿರುವ ಹೊರಗಿನವನು ಒಂದೇ ಸಲಕ್ಕೆ ಗೆಲ್ಲಬಹುದು. ಹೊರಗೆ ಇಡಲ್ಪಟ್ಟವನು ಗೆಲ್ಲಬೇಕಾದರೆ ಮೊದಲು ನಿಯಮ ಬದಲಾಗಬೇಕು. ಅದು ಬದಲಾಗೋದು ಸೋಲಿಗೆ ಹೆದರದೆ ನಿಂತವರಿಂದ, ಸೋತ ಮಾರನೆಯ ದಿನ ಮನೆಗೆ ಹೋಗದೆ ಸಮಿತಿಯಲ್ಲಿ ಕೂತವರಿಂದ.

ನಾವು ಘೋಷಣೆ ಕೂಗೋದರಲ್ಲಿ ಜಾಣರು. ಒಳ್ಳೇದು, ಕೂಗೋಣ. ಕೂಗಿ ಬಂದ ರಾತ್ರಿ ಓದೋದಕ್ಕೂ ಕೂರೋಣ. ನಿಮ್ಮ ಹಾಸ್ಟೆಲಿನ ಮೆಸ್ ಸಮಿತಿ, ಕಾಲೇಜಿನ ವಿದ್ಯಾರ್ಥಿ ಸಂಘ, ಊರಿನ ಸಹಕಾರ ಸಂಘ, ಇವಕ್ಕೆಲ್ಲ ಒಂದೊಂದು ನಿಯಮಾವಳಿ ಇದೆ. ಇಲ್ಲಿರೋರಲ್ಲಿ ಎಷ್ಟು ಜನ ಓದಿದ್ದೀರಿ? ಅದನ್ನು ಬರೆದವರು ಯಾರು, ತಿದ್ದೋಕೆ ಎಷ್ಟು ಜನರ ಸಹಿ ಬೇಕು, ಸಭೆ ಯಾವತ್ತು? ಮುಂದಿನ ತಿಂಗಳು ಸೇರುವಾಗ ಒಬ್ಬೊಬ್ಬರು ಒಂದೊಂದು ನಿಯಮಾವಳಿ ಓದಿಕೊಂಡು ಬನ್ನಿ. ಅಲ್ಲಿಂದ ಶುರು ಮಾಡೋಣ.

ಜೈ ಭೀಮ್.